ಸಾಕು ಎನ್ನುವ ಪಾದ: ಚೀನೀ ನುಡಿಗಟ್ಟುಗಳಲ್ಲಿ ಕಾಲು

ಚೀನೀ ಭಾಷೆಯಲ್ಲಿ ಪಾದಕ್ಕೆ ಇರುವ ಹಳೆಯ ಪದ ‘ತ್ಸು’. ಅದೇ ಪದಕ್ಕೆ, ಅದೇ ಲಿಪಿಚಿಹ್ನೆಗೆ, ‘ಸಾಕು’, ‘ಸಾಲುವಷ್ಟಿದೆ’ ಎಂಬ ಅರ್ಥಗಳೂ ಇವೆ. ಕಾಲ್ಚೆಂಡಾಟವನ್ನು ‘ತ್ಸು ಚಿಯು’ ಎಂದಾಗ ಅದು ಪಾದ. ತೃಪ್ತಿಯನ್ನು ‘ಮಾನ್ ತ್ಸು’ ಎಂದಾಗ, ಕೊರತೆಯನ್ನು ‘ಬು ತ್ಸು’ ಎಂದಾಗ ಅದು ಸಾಕೆಂಬ ಭಾವ. ನಡೆಯುವ ಅಂಗಕ್ಕೂ ‘ಇನ್ನು ಬೇಡ, ಇಷ್ಟು ಸಾಕು’ ಎಂಬ ಮಾತಿಗೂ ಒಂದೇ ಗುರುತನ್ನು ಬಳಸುವ ಜನ ಕಾಲಿನ ಬಗ್ಗೆ ಇನ್ನೇನು ಹೇಳಿಕೊಂಡಿರಬಹುದು ಎಂಬ ಕುತೂಹಲ ನನ್ನನ್ನು ಬಹಳ ಕಾಲದಿಂದ ಹಿಡಿದಿದೆ. ಅವರ ನುಡಿಗಟ್ಟುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದಂತೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ: ಚೀನೀ ನುಡಿಯಲ್ಲಿ ಕಾಲು ಬರೀ ಹೋಗುವುದಕ್ಕಲ್ಲ, ಅಳತೆ ತಿಳಿಯುವುದಕ್ಕೆ, ಎಲ್ಲಿ ನಿಲ್ಲಬೇಕೆಂದು ಅರಿಯುವುದಕ್ಕೆ.

ನನ್ನ ಮನೆ ಕೋಲಾರದಲ್ಲಿ. ಕೆಲಸ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ತೈವಾನಿನಿಂದ ಬರುವ ಎಂಜಿನಿಯರುಗಳಿಗೂ ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಬಸ್ಸಿನಲ್ಲಿ ಬಂದಿಳಿಯುವ ನಮ್ಮ ಹುಡುಗ ಹುಡುಗಿಯರಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದೇ ನನ್ನ ಕಸುಬು. ಯಂತ್ರದ ಭಾಗಗಳ ಹೆಸರುಗಳನ್ನು ಕಲಿಯಲು ಕಷ್ಟವೇನಿಲ್ಲ. ಮಾತಿನ ನಡುವೆ ಅವರು ಥಟ್ಟನೆ ನಾಲ್ಕಕ್ಷರದ ನುಡಿಯೊಂದನ್ನು ಹೇಳಿಬಿಟ್ಟಾಗ ಮಾತ್ರ ಅದರ ಹಿಂದಿನ ಕಥೆ ತಿಳಿಯದೆ ಮುಂದೆ ಹೋಗುವಂತಿಲ್ಲ. ‘ಚೆಂಗ್‌ಯು’ ಎಂದು ಕರೆಯುವ ಈ ನುಡಿಗಳಲ್ಲಿ ಹೆಚ್ಚಿನವು ನಾಲ್ಕೇ ಅಕ್ಷರದವು. ಎಷ್ಟೋ ನುಡಿಗಳ ಹಿಂದೆ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಪ್ರಸಂಗ ಇರುತ್ತದೆ.

ಮೊದಲು ಅಕ್ಷರಗಳನ್ನೇ ನೋಡೋಣ. ಕ್ರಿಸ್ತಶಕ 100ರಲ್ಲಿ ಷು ಶೆನ್ ಎಂಬ ವಿದ್ವಾಂಸ ರಚಿಸಿದ ‘ಷ್ವೋವೆನ್ ಜಿಯೆತ್ಸೆ’ ಎಂಬ ನಿಘಂಟು ತ್ಸು ಅಕ್ಷರಕ್ಕೆ ಬಹಳ ಚಿಕ್ಕ ವಿವರಣೆ ಕೊಡುತ್ತದೆ: ಮನುಷ್ಯನ ಪಾದ, ಕೆಳಗಿರುವುದು. 1716ರ ಕಾಂಗ್‌ಶೀ ನಿಘಂಟು ಅಕ್ಷರಗಳನ್ನು ವಿಂಗಡಿಸಲು ಬಳಸುವ 214 ಮೂಲಾಂಗಗಳಲ್ಲಿ ತ್ಸು 157ನೆಯದು. ಓಡು, ಹಾರು, ಒದೆ, ತುಳಿ, ಮಂಡಿಯೂರು, ಹಿಂಬಾಲಿಸು, ದಾರಿ ಎಂಬ ಅರ್ಥದ ಅಕ್ಷರಗಳೆಲ್ಲವೂ ತಮ್ಮ ಎಡಭಾಗದಲ್ಲಿ ಈ ಪಾದವನ್ನು ಇಟ್ಟುಕೊಂಡೇ ನಿಂತಿವೆ. ಅರ್ಥ ಗೊತ್ತಿಲ್ಲದ ಹೊಸ ಅಕ್ಷರ ಕಂಡಾಗಲೂ ಎಡಕ್ಕೆ ಆ ಪಾದವಿದ್ದರೆ ಇದು ಕಾಲಿಗೆ ಸಂಬಂಧಿಸಿದ್ದು ಎಂದು ಅರ್ಧ ದಾರಿ ಮುಟ್ಟಿದಂತಾಗುತ್ತದೆ.

ಅದಕ್ಕಿಂತ ನನ್ನನ್ನು ಹೆಚ್ಚು ಸೆಳೆದದ್ದು ‘ಝಿ’ ಎಂಬ ಇನ್ನೊಂದು ಅಕ್ಷರ. ಮೂರು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಆನ್‌ಯಾಂಗ್‌ನಲ್ಲಿ ಆಮೆಯ ಚಿಪ್ಪು ಮತ್ತು ದನದ ಮೂಳೆಗಳ ಮೇಲೆ ಶಕುನ ಕೇಳಿ ಕೆತ್ತಿದ ಬರಹಗಳಲ್ಲಿ ಇದು ಬೆರಳುಗಳಿರುವ ಪಾದದ ಗುರುತಾಗಿತ್ತು. ಇಂದು ಅದರ ಅರ್ಥ ‘ನಿಲ್ಲು’. ಇಂಥ ಎರಡು ಪಾದಗಳನ್ನು ಒಂದರ ಮುಂದೆ ಒಂದಿಟ್ಟರೆ ‘ಬು’, ಅಂದರೆ ಹೆಜ್ಜೆ. ಪಾದದ ಮೇಲೆ ಮನುಷ್ಯನನ್ನು ಕೂರಿಸಿದರೆ ‘ಚೀ’, ಅಂದರೆ ತುದಿಗಾಲಿನಲ್ಲಿ ನಿಂತು ಇಣುಕುವುದು. ಈ ಕೊನೆಯ ಅಕ್ಷರವನ್ನು ನಾನು ದಿನವೂ ನೋಡುತ್ತೇನೆ, ಏಕೆಂದರೆ ಇಂದಿನ ಚೀನೀಯಲ್ಲಿ ಉದ್ಯಮಸಂಸ್ಥೆಗೆ ‘ಚೀ ಯೆ’ ಎನ್ನುತ್ತಾರೆ. ಕತ್ತೆತ್ತಿ ನೆಟ್ಟಗೆ ನಿಂತಿರುವ ಪೆಂಗ್ವಿನ್ ಹಕ್ಕಿ ಅವರಿಗೆ ‘ಚೀ ಅ’, ತುದಿಗಾಲಿನ ಬಾತು. ಲಾವೋತ್ಸೆಯ ‘ತಾವೋ ತೆ ಚಿಂಗ್’ ಗ್ರಂಥದ 24ನೆಯ ಅಧ್ಯಾಯ ಇದೇ ಅಕ್ಷರದಿಂದ ತೊಡಗಿ, ತುದಿಗಾಲಿನಲ್ಲಿ ನಿಂತವನು ಗಟ್ಟಿಯಾಗಿ ನಿಲ್ಲಲಾರ ಎನ್ನುತ್ತದೆ. ಅದೇ ಗ್ರಂಥದ 44ನೆಯ ಅಧ್ಯಾಯದಲ್ಲಿ ಎರಡೂ ಪಾದಗಳು ಒಟ್ಟಿಗೆ ಬರುತ್ತವೆ: ತ್ಸುವನ್ನು ಅರಿತವನಿಗೆ ಅವಮಾನವಿಲ್ಲ, ಝಿಯನ್ನು ಅರಿತವನಿಗೆ ಅಪಾಯವಿಲ್ಲ. ಸಾಕು ಎಂಬುದನ್ನು ಅರಿ, ನಿಲ್ಲುವುದನ್ನು ಅರಿ ಎಂದು ಅದರ ಭಾವ. ನಮ್ಮ ಹಿರಿಯರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದಾಗ ಹೇಳಿದ್ದೂ ಇದೇ ಅರಿವನ್ನು, ಅದೂ ಕಾಲಿನ ಮೂಲಕವೇ.

ಆಡುಮಾತಿನಲ್ಲಿ ಇಂದು ಪಾದಕ್ಕೆ ತ್ಸು ಎನ್ನುವುದಿಲ್ಲ, ‘ಜಿಯಾವ್’ ಎನ್ನುತ್ತಾರೆ. ಹಿಂದೆ ಜಿಯಾವ್ ಎಂದರೆ ಮೊಣಕಾಲಿನ ಕೆಳಗಿನ ಕಣಕಾಲು. ಕಾಲಾಂತರದಲ್ಲಿ ಆ ಅರ್ಥ ಕೆಳಗಿಳಿದು ಪಾದಕ್ಕೆ ಬಂದು ನಿಂತಿತು. ಕನ್ನಡದಲ್ಲಿ ನಾವು ‘ಕಾಲು ನೋಯುತ್ತಿದೆ’ ಎಂದರೆ ತೊಡೆಯೋ ಮಂಡಿಯೋ ಹಿಮ್ಮಡಿಯೋ ಎಂದು ಮತ್ತೆ ಕೇಳಬೇಕು. ಉತ್ತರದ ಚೀನೀಯರಿಗೆ ಆ ತೊಡಕಿಲ್ಲ, ಕಾಲು ‘ತ್ವೇ’, ಪಾದ ‘ಜಿಯಾವ್’. ದಕ್ಷಿಣದ ಕ್ಯಾಂಟನೀಸ್ ಆಡುವವರು ಮಾತ್ರ ನಮ್ಮ ಹಾಗೆಯೇ ಎರಡಕ್ಕೂ ಒಂದೇ ಪದವನ್ನು ಬಳಸುತ್ತಾರೆ. ಬೆಟ್ಟದ ತಪ್ಪಲಿಗೆ ಅವರು ‘ಷಾನ್ ಜಿಯಾವ್’ ಎಂದರೆ ನಾವು ‘ಬೆಟ್ಟದಡಿ’ ಎನ್ನುತ್ತೇವೆ. ಎರಡೂ ಕಡೆ ಬೆಟ್ಟಕ್ಕೆ ಪಾದವಿದೆ. ಮಳೆಗೂ ಅವರಲ್ಲಿ ಪಾದವಿದೆ. ಕವಿ ದು ಫು 761ರಲ್ಲಿ ಚೆಂಗ್‌ದುವಿನ ತನ್ನ ಗುಡಿಸಲಿನ ಹುಲ್ಲು ಗಾಳಿಗೆ ಹಾರಿಹೋದ ಬಗ್ಗೆ ಬರೆದ ಪದ್ಯದಲ್ಲಿ, ಹಾಸಿಗೆಯ ಬಳಿ ಒಣಗಿದ ಜಾಗವೇ ಇಲ್ಲದಿರುವಾಗ ‘ಮಳೆಯ ಕಾಲುಗಳು’ ನಾರಿನ ಎಳೆಗಳ ಹಾಗೆ ಕಡಿಯದೆ ಇಳಿಯುತ್ತಿದ್ದವು ಎನ್ನುತ್ತಾನೆ. ಶತಶೃಂಗ ಬೆಟ್ಟದ ಮೇಲೆ ನಿಂತು ದೂರದ ಬಯಲಿನಲ್ಲಿ ಮಳೆ ಸರಿದು ಬರುವುದನ್ನು ನೋಡಿದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಆಕಾಶದಿಂದ ನೆಲದವರೆಗೆ ಬೂದುಬಣ್ಣದ ಕಂಬಗಳು ಊರಿಕೊಂಡು, ಕೆರೆಯಿಂದ ಕೆರೆಗೆ ನಡೆದು ಬರುತ್ತವೆ.

ಇನ್ನು ಹಾವಿಗೆ ಬರುತ್ತೇನೆ. ‘ಹ್ವಾ ಷ ಟಿಯೆನ್ ತ್ಸು’, ಅಂದರೆ ಹಾವನ್ನು ಬರೆದು ಪಾದ ಸೇರಿಸಿದ್ದು, ಚೀನೀ ಕಲಿಯುವವರಿಗೆಲ್ಲ ಬಹಳ ಬೇಗ ಎದುರಾಗುವ ನುಡಿ. ಇದರ ಕಥೆ ‘ಕದನದ ರಾಜ್ಯಗಳ ತಂತ್ರಗಳು’ ಎಂಬ ಪ್ರಾಚೀನ ಸಂಕಲನದಲ್ಲಿದೆ. ಚು ರಾಜ್ಯದಲ್ಲಿ ಒಬ್ಬನು ಪೂಜೆ ಮುಗಿಸಿ ತನ್ನ ಆಳುಗಳಿಗೆ ಒಂದು ಪಾತ್ರೆ ಮದ್ಯವನ್ನು ಕೊಟ್ಟ. ಎಲ್ಲರೂ ಹಂಚಿಕೊಂಡರೆ ಯಾರಿಗೂ ಸಾಲದು, ಒಬ್ಬನೇ ಕುಡಿದರೆ ಮಿಕ್ಕೀತು. ನೆಲದ ಮೇಲೆ ಯಾರು ಮೊದಲು ಹಾವಿನ ಚಿತ್ರ ಬರೆದು ಮುಗಿಸುತ್ತಾರೋ ಅವರಿಗೆ ಪಾತ್ರೆ ಎಂದು ಮಾತಾಯಿತು. ಮೊದಲು ಮುಗಿಸಿದವನು ಎಡಗೈಯಲ್ಲಿ ಪಾತ್ರೆ ಹಿಡಿದುಕೊಂಡು, ಉಳಿದವರು ಇನ್ನೂ ಬರೆಯುತ್ತಿರುವುದನ್ನು ಕಂಡು, ನನಗೆ ಇದಕ್ಕೆ ಕಾಲು ಬರೆಯುವಷ್ಟೂ ಹೊತ್ತಿದೆ ಎಂದು ಬಲಗೈಯಲ್ಲಿ ಮುಂದುವರಿಸಿದ. ಅವನ ಕಾಲು ಮುಗಿಯುವ ಮೊದಲೇ ಇನ್ನೊಬ್ಬನ ಹಾವು ಮುಗಿಯಿತು. ಅವನು ಪಾತ್ರೆಯನ್ನು ಕಿತ್ತುಕೊಂಡು, ಹಾವಿಗೆ ಕಾಲಿಲ್ಲ, ನೀನು ಅದಕ್ಕೆ ಕಾಲು ಕೊಡುವುದು ಹೇಗೆ ಎಂದು ಹೇಳಿ ಕುಡಿದುಬಿಟ್ಟ.

ಕಥೆ ಇಷ್ಟೇ ಆಗಿದ್ದರೆ ಅದು ಅತಿಬುದ್ಧಿಯ ಮೇಲಿನ ವಿನೋದವಾಗಿ ಉಳಿಯುತ್ತಿತ್ತು. ಆದರೆ ಅದನ್ನು ಹೇಳಿದ ಸಂದರ್ಭ ರಣರಂಗದ್ದು. ಚು ರಾಜ್ಯದ ಸೇನಾಪತಿ ಝಾವ್ ಯಾಂಗ್ ವೇ ರಾಜ್ಯವನ್ನು ಸೋಲಿಸಿ, ಎಂಟು ಕೋಟೆಪಟ್ಟಣಗಳನ್ನು ಗೆದ್ದು, ಅದೇ ಹುರುಪಿನಲ್ಲಿ ಚೀ ರಾಜ್ಯದ ಮೇಲೆ ತಿರುಗಿದ್ದ. ಚೀ ರಾಜನ ಪರವಾಗಿ ಬಂದ ಚೆನ್ ಝೆನ್ ಅವನನ್ನು ಕೇಳಿದ್ದು, ನಿಮ್ಮ ರಾಜ್ಯದಲ್ಲಿ ಇಂಥ ಗೆಲುವಿಗೆ ಯಾವ ಪದವಿ ಸಿಗುತ್ತದೆ, ಅದಕ್ಕಿಂತ ಮೇಲೆ ಏನಿದೆ ಎಂದು. ಮೇಲೆ ಉಳಿದಿರುವುದು ಪ್ರಧಾನಿಯ ಪದವಿಯೊಂದೇ, ಅದಕ್ಕೆ ರಾಜ ಇಬ್ಬರನ್ನು ನೇಮಿಸುವುದಿಲ್ಲ. ಹಾಗಿದ್ದ ಮೇಲೆ ಇನ್ನೊಂದು ಯುದ್ಧವನ್ನು ಗೆದ್ದು ಪಡೆಯುವುದೇನು ಎಂದು ಕೇಳಿ ಚೆನ್ ಝೆನ್ ಹಾವಿನ ಕಥೆ ಹೇಳಿದ. ಪ್ರತಿ ಯುದ್ಧ ಗೆದ್ದೂ ನಿಲ್ಲುವುದನ್ನು ಅರಿಯದವನು ಸಾಯುತ್ತಾನೆ, ಅವನ ಪದವಿ ಮುಂದೆ ಬರುವವನಿಗೆ ಹೋಗುತ್ತದೆ ಎಂದ. ಝಾವ್ ಯಾಂಗ್ ಅದು ಸರಿಯೆಂದು ಒಪ್ಪಿ ಸೇನೆಯನ್ನು ಹಿಂದಕ್ಕೆ ಕರೆದುಕೊಂಡು ಹೋದ. ಚೆನ್ ಝೆನ್ ‘ನಿಲ್ಲುವುದು’ ಎನ್ನಲು ಬಳಸಿದ್ದು ಮೇಲೆ ಹೇಳಿದ ಝಿ ಅಕ್ಷರವನ್ನೇ. ಪಾದದ ಚಿತ್ರವಾಗಿ ಹುಟ್ಟಿದ ಅಕ್ಷರ ಸೇನಾಪತಿಗೆ ನಿಲ್ಲು ಎನ್ನುತ್ತದೆ. ಕಥೆಯೊಳಗೆ ಬೇಡದ ಪಾದಕ್ಕಾಗಿ ಒಬ್ಬನ ಮದ್ಯ ಹೋಗುತ್ತದೆ. ಈ ಎರಡು ಪಾದಗಳು ಎದುರುಬದುರಾಗಿ ನಿಲ್ಲುವ ಬಗೆಯನ್ನು ಯೋಚಿಸಿದಷ್ಟೂ ನನಗೆ ಸಂತೋಷವಾಗುತ್ತದೆ.

ಕೋಲಾರ ಸೀಮೆಯ ಹಾವಿನ ಸಂಗತಿಯೇ ಬೇರೆ. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಕಡೆಯ ಮನೆಗಳಲ್ಲಿ ‘ಪಾಮು ಕಾಳ್ಳು ಪಾಮುಕೇ ಎರುಕ’ ಎನ್ನುತ್ತಾರೆ. ಹಾವಿನ ಕಾಲು ಹಾವಿಗೇ ಗೊತ್ತು; ಕನ್ನಡದಲ್ಲಿ ಅದೇ ಮಾತು ‘ಹಾವಿನ ಹೆಜ್ಜೆ ಹಾವೇ ಬಲ್ಲದು’ ಎಂದಾಗಿದೆ. ಸಂಸ್ಕೃತದಲ್ಲಿ ಹಾವಿಗಿರುವ ‘ಪನ್ನಗ’ ಎಂಬ ಹೆಸರನ್ನು ಪಂಡಿತರು ಪಾದದಿಂದ ಹೋಗದ್ದು ಎಂದು ಬಿಡಿಸುತ್ತಾರೆ. ಆದರೆ ನಮ್ಮ ಗಾದೆ ಹಾವಿಗೆ ಕಾಲಿದೆ ಎಂದೇ ನಂಬಿ, ಅದು ನಮಗೆ ಕಾಣುವುದಿಲ್ಲ, ಅಂಥದೇ ಇನ್ನೊಂದು ಜೀವಕ್ಕೆ ಮಾತ್ರ ಕಾಣುತ್ತದೆ ಎನ್ನುತ್ತದೆ. ಈ ಗಾದೆಯನ್ನು ತೈವಾನಿನ ಹಿರಿಯ ಎಂಜಿನಿಯರೊಬ್ಬರಿಗೆ ಹೇಳಿದಾಗ ಅವರು ಬಹಳ ಹೊತ್ತು ಅದನ್ನೇ ಮೆಲುಕು ಹಾಕಿದರು. ಅವರ ನಾಡಿನಲ್ಲಿ ಹಾವಿನ ಕಾಲು ಎಂದರೆ ಬೇಡದ್ದು. ಇಲ್ಲಿ ಅದು ಒಳಗಿನವರಿಗೆ ಮಾತ್ರ ತಿಳಿದ ಗುಟ್ಟು.

ಅಳತೆಯ ಮಾತು ಪಾದರಕ್ಷೆಯ ಕಥೆಗಳಲ್ಲಿ ಇನ್ನಷ್ಟು ನೇರವಾಗಿದೆ. ಕ್ರಿಸ್ತಪೂರ್ವ 233ರಲ್ಲಿ ತೀರಿಕೊಂಡ ಚಿಂತಕ ಹಾನ್ ಫೆಯ್‌ತ್ಸೆ ಹೇಳಿದ ಕಥೆಯಿದು: ಝೆಂಗ್ ರಾಜ್ಯದವನೊಬ್ಬ ಚಪ್ಪಲಿ ಕೊಳ್ಳಬೇಕೆಂದು ಮನೆಯಲ್ಲಿ ತನ್ನ ಪಾದದ ಅಳತೆ ತೆಗೆದು ಇಟ್ಟ. ಸಂತೆಗೆ ಹೋಗಿ ಚಪ್ಪಲಿ ಕೈಗೆತ್ತಿಕೊಂಡ ಮೇಲೆ ಅಳತೆಯನ್ನು ಮನೆಯಲ್ಲೇ ಬಿಟ್ಟುಬಂದದ್ದು ನೆನಪಾಗಿ ಅದನ್ನು ತರಲು ಮರಳಿದ. ಹಿಂದಿರುಗಿ ಬರುವಷ್ಟರಲ್ಲಿ ಸಂತೆ ಮುಗಿದಿತ್ತು. ಕಾಲಿಗೇ ಹಾಕಿ ನೋಡಬಹುದಿತ್ತಲ್ಲ ಎಂದು ಯಾರೋ ಕೇಳಿದರೆ, ನಾನು ಅಳತೆಯನ್ನು ನಂಬುತ್ತೇನೆ, ನನ್ನನ್ನು ನಂಬುವುದಿಲ್ಲ ಎಂದ. ನಮ್ಮಲ್ಲಿ ಇಂಥವರಿಗೆ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎನ್ನುತ್ತೇವೆ. ಕಾಲನ್ನು ಎಣಿಸಿ ನೋಡಲು ಮೊಲ ಕೈಯಲ್ಲೇ ಇದೆ, ಹಾಕಿ ನೋಡಲು ಪಾದ ಅವನ ಬಳಿಯೇ ಇದೆ. ಆದರೂ ಇಬ್ಬರೂ ನೋಡುವುದಿಲ್ಲ. ಕ್ರಿಸ್ತಪೂರ್ವ 139ರಲ್ಲಿ ಹಾನ್ ಚಕ್ರವರ್ತಿಗೆ ಅರ್ಪಿತವಾದ ‘ಹ್ವಾಯ್‌ನಾನ್‌ತ್ಸೆ’ ಗ್ರಂಥದಿಂದ ಬಂದ ಇನ್ನೊಂದು ನುಡಿ ಇದಕ್ಕಿಂತ ಕಠಿಣವಾದದ್ದು: ಚಪ್ಪಲಿಗೆ ಹೊಂದಲೆಂದು ಪಾದವನ್ನೇ ಕೆತ್ತುವುದು. ಬೇರೆ ಊರಿನಲ್ಲಿ ಸರಿಹೋದ ಪದ್ಧತಿಯನ್ನು ಇಲ್ಲಿನ ಜನರ ಮೇಲೆ ಹಾಗೆಯೇ ಹೇರುವಾಗ ಈ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತದೆ.

ಮೂರನೆಯ ಕಥೆ ಝುವಾಂಗ್‌ತ್ಸೆ ಎಂಬ ಪ್ರಾಚೀನ ಚಿಂತಕನ ಗ್ರಂಥದ ‘ಶರತ್ಕಾಲದ ಪ್ರವಾಹ’ ಎಂಬ ಅಧ್ಯಾಯದಲ್ಲಿದೆ. ಯಾನ್ ರಾಜ್ಯದ ಷೋಲಿಂಗ್ ಎಂಬ ಊರಿನ ಹುಡುಗನೊಬ್ಬ ಝಾವ್ ರಾಜ್ಯದ ರಾಜಧಾನಿ ಹಾನ್‌ದಾನ್‌ನ ಜನ ಸೊಗಸಾಗಿ ನಡೆಯುತ್ತಾರೆಂದು ಕೇಳಿ ಆ ನಡಿಗೆಯನ್ನು ಕಲಿಯಲು ಹೋದ. ಆ ನಡಿಗೆ ಬರಲಿಲ್ಲ, ತನ್ನ ನಡಿಗೆಯೂ ಮರೆತುಹೋಯಿತು. ಕೊನೆಗೆ ಅಂಬೆಗಾಲಿಟ್ಟು ಊರಿಗೆ ಮರಳಿದ. ಇಂದಿನ ಹೆಬೇ ಪ್ರಾಂತ್ಯದಲ್ಲಿರುವ ಹಾನ್‌ದಾನ್ ನಗರದಲ್ಲಿ ‘ನಡಿಗೆ ಕಲಿತ ಸೇತುವೆ’ ಎಂಬ ಹೆಸರಿನ ಕಲ್ಲಿನ ಸೇತುವೆ ಇದೆ. ಬೆಂಗಳೂರಿನ ಮಾತಿನ ಧಾಟಿ ಹಿಡಿಯಲು ಹೋಗಿ ಮನೆಯಲ್ಲಿ ಅಜ್ಜಿಯ ಜೊತೆ ಆಡುತ್ತಿದ್ದ ತೆಲುಗನ್ನೂ ಕೋಲಾರದ ಕನ್ನಡವನ್ನೂ ಬಿಟ್ಟುಕೊಟ್ಟ ಎಷ್ಟೋ ಮಕ್ಕಳನ್ನು ನಾನು ಬಲ್ಲೆ. ಅವರ ಬಗ್ಗೆ ಯೋಚಿಸುವಾಗ ಈ ಕಥೆ ನನಗೆ ನೋವು ಕೊಡುತ್ತದೆ.

ಗಟ್ಟಿ ನೆಲದ ಮೇಲೆ ಪಾದ ಊರಿ ನಡೆಯುವವನನ್ನು ಚೀನೀಯರು ಮನಸಾರೆ ಹೊಗಳುತ್ತಾರೆ. ‘ಜಿಯಾವ್ ತಾ ಷಿ ದಿ’ ಎಂಬ ಆ ಮಾತು ಇತಿಹಾಸಕಾರ ಸಿಮಾ ಗ್ವಾಂಗ್‌ನಿಗೆ ಸಂಬಂಧಿಸಿದ್ದು. 1019ರಿಂದ 1086ರವರೆಗೆ ಬದುಕಿದ್ದ ಅವನು ಚೀನಾದ ಹದಿಮೂರು ಶತಮಾನಗಳಿಗೂ ಹೆಚ್ಚಿನ ಚರಿತ್ರೆಯನ್ನು ವರ್ಷಾನುಕ್ರಮವಾಗಿ ಬರೆಯಲು 19 ವರ್ಷ ದುಡಿದ. ತಾನು ಎಂಥವನೆಂದು ಅವನು ಕೇಳಿದಾಗ ತತ್ತ್ವಜ್ಞಾನಿ ಷಾವ್ ಯೊಂಗ್ ಕೊಟ್ಟ ಉತ್ತರ, ನೀನು ಗಟ್ಟಿ ನೆಲವನ್ನು ತುಳಿದು ನಡೆಯುವವನು ಎಂದು. ಲಾವೋತ್ಸೆಯ 64ನೆಯ ಅಧ್ಯಾಯದ ಸಾವಿರ ಲೀ (ಲೀ ಎಂದರೆ ಚೀನೀಯರ ದೂರದ ಅಳತೆ) ಪಯಣದ ಮಾತು ಜಗತ್ತಿಗೆಲ್ಲ ಗೊತ್ತಿದೆ. ಪಯಣ ಒಂದು ಹೆಜ್ಜೆಯಿಂದ ಶುರುವಾಗುತ್ತದೆ ಎಂದು ಅದನ್ನು ಎಲ್ಲೆಡೆ ಹೇಳುತ್ತಾರಾದರೂ ಮೂಲದಲ್ಲಿರುವುದು ‘ತ್ಸು ಷಿಯಾ’, ಪಾದದ ಕೆಳಗೆ. ಇದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಹೆಜ್ಜೆಯನ್ನು ಇನ್ನೂ ಎತ್ತಿಡಬೇಕು, ಪಾದದ ಕೆಳಗಿನ ನೆಲವಾದರೋ ಈಗಾಗಲೇ ನಮ್ಮದು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಕಾಣದ ನಮ್ಮ ಜಿಲ್ಲೆಯಲ್ಲಿ ‘ಅಡಿ’ ಎಂದೊಡನೆ ನೆನಪಾಗುವುದು ಕೆಳಗಿನ ಆಳವೇ ಹೊರತು ಮುಂದಿನ ದಾರಿಯಲ್ಲ. ಅಂಥ ನೆಲದಲ್ಲಿ ಬೆಳೆದದ್ದರಿಂದಲೂ ಮೂಲದ ಮಾತು ನನಗೆ ಹತ್ತಿರವಾಗಿರಬಹುದು.

ಎರಡು ಭಾಷೆಗಳು ಒಂದೇ ಮಾತನ್ನು ಕಂಡುಕೊಂಡಿರುವ ಕಡೆಗಳೂ ಇವೆ. ‘ಜಿಯಾವ್ ತಾ ಲ್ಯಾಂಗ್ ಝಿ ಚ್ವಾನ್’ ಎಂದರೆ ಎರಡು ದೋಣಿಗಳ ಮೇಲೆ ಕಾಲಿಡುವುದು; ಇದಕ್ಕೆ ಕನ್ನಡದಲ್ಲಿ ಅರ್ಥ ಹುಡುಕಬೇಕಾಗಿಲ್ಲ, ಮಾತು ಮಾತಿಗೆ ಸರಿಯಾಗಿ ನಮ್ಮಲ್ಲೂ ಅದೇ ಇದೆ. ಚೀನೀಯರು ಅದನ್ನು ಒಂದೇ ಕಾಲದಲ್ಲಿ ಇಬ್ಬರನ್ನು ಪ್ರೀತಿಸುವ ಆಟಕ್ಕೆ ಹೆಚ್ಚಾಗಿ ಬಳಸಿದರೆ ನಾವು ಹೆಚ್ಚಾಗಿ ರಾಜಕಾರಣಿಗಳಿಗೆ ಬಳಸುತ್ತೇವೆ. ಇನ್ನೊಂದು, ಕಲ್ಲೆತ್ತಿ ತನ್ನ ಪಾದದ ಮೇಲೆ ತಾನೇ ಹಾಕಿಕೊಳ್ಳುವುದು. 1957ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ಮಾತನಾಡುತ್ತ ಮಾವೋ ತ್ಸೆತುಂಗ್ ಇದನ್ನು ಮೂರ್ಖರ ನಡತೆಯನ್ನು ಬಣ್ಣಿಸುವ ಚೀನೀ ಜನರ ಮಾತು ಎಂದು ಹೇಳಿದ್ದುಂಟು. ಇಂದಿಗೂ ಚೀನಾದ ವಿದೇಶಾಂಗ ಹೇಳಿಕೆಗಳಲ್ಲಿ ಇದು ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ.

ನಾವು ಇದನ್ನೇ ‘ಕಾಲ ಮೇಲೆ ಚಪ್ಪಡಿ ಎಳೆದುಕೊಂಡ’ ಎನ್ನುತ್ತೇವೆ. ಚಪ್ಪಡಿ ಎಂದರೇನೆಂದು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಹೇಳಿಕೊಡಬೇಕಾಗಿಲ್ಲ. ಹಳೆಯ ಮನೆಗಳ ಮಾಡು, ಜಗಲಿ, ಮೋರಿಯ ಮುಚ್ಚಳ, ಬಟ್ಟೆ ಒಗೆಯುವ ಕಲ್ಲು, ತೋಟದ ಬೇಲಿ ಎಲ್ಲವೂ ಅದೇ. ಕಲ್ಲು ಕುಟಿಕರು ಬಂಡೆಯ ಮೇಲೆ ಗೆರೆ ಹಿಡಿದು ಸಾಲಾಗಿ ಕುಳಿ ತೋಡಿ, ಉಳಿ ಇಟ್ಟು, ಸುತ್ತಿಗೆಯಿಂದ ಒಂದೇ ಹದದಲ್ಲಿ ಬಡಿಯುತ್ತ ಹೋದರೆ ಕಲ್ಲು ಒಂದು ಹೊತ್ತಿನಲ್ಲಿ ಸಣ್ಣ ಸದ್ದು ಮಾಡಿ ಹಲಗೆಯಾಗಿ ಬಿಡಿಸಿಕೊಳ್ಳುತ್ತದೆ. ಆಮೇಲಿನ ಕೆಲಸ ಅದನ್ನು ಸರಿಸುವುದು. ನಾಲ್ಕು ಮೂಲೆಗೆ ನಾಲ್ವರು ಹಾರೆ ಕೊಟ್ಟು ಮೀಟುತ್ತಾರೆ, ಒಬ್ಬ ಹಗ್ಗ ಹಿಡಿದಿರುತ್ತಾನೆ, ಮೇಸ್ತ್ರಿ ‘ಕಾಲು ನೋಡ್ಕೊಳ್ರಪ್ಪಾ’ ಎಂದು ಕೂಗುತ್ತಲೇ ಇರುತ್ತಾನೆ. ಚಪ್ಪಡಿಯನ್ನು ಯಾರೂ ಎತ್ತುವುದಿಲ್ಲ, ಎಳೆಯುತ್ತಾರೆ. ಚೀನೀಯವನು ಎತ್ತಿದ ಕಲ್ಲು ಕೈಜಾರಿ ಬೀಳುತ್ತದೆ. ನಮ್ಮವನ ಕಲ್ಲು ಅವನು ಎಳೆದಷ್ಟೂ ಅವನ ಕಡೆಗೇ ಬರುತ್ತದೆ. ತನ್ನ ಶ್ರಮದಿಂದಲೇ ತನಗೆ ಕೇಡು ತಂದುಕೊಳ್ಳುವವನ ಚಿತ್ರ ನಮ್ಮ ಮಾತಿನಲ್ಲೇ ಹೆಚ್ಚು ನಿಚ್ಚಳವಾಗಿದೆ ಎಂಬುದು ನನ್ನ ದೃಢವಾದ ಅನಿಸಿಕೆ.

ಪಲಾಯನದ ಮಾತೂ ಎರಡೂ ಕಡೆ ಸೊಗಸಾಗಿದೆ: ಅವರು ಅಂಗಾಲಿಗೆ ಎಣ್ಣೆ ಹಚ್ಚಿಕೊಂಡು ಜಾರಿಕೊಳ್ಳುತ್ತಾರೆ, ನಾವು ಕಾಲಿಗೆ ಬುದ್ಧಿ ಹೇಳುತ್ತೇವೆ. ಯಾವ ವಿದ್ಯೆಯೂ ಪೂರ್ತಿ ಬಾರದವನು ಅವರಿಗೆ ಮೂರು ಕಾಲಿನ ಬೆಕ್ಕು. ದುಂದುವೆಚ್ಚ ಮಾಡುವವನದು ದೊಡ್ಡ ಕೈ, ದೊಡ್ಡ ಪಾದ. ಗಾಬರಿಯಾದಾಗ ನಮ್ಮ ಕೈಕಾಲು ಆಡುವುದೇ ಇಲ್ಲ, ಅವರ ಕೈಕಾಲು ಹುಚ್ಚಾಪಟ್ಟೆ ಆಡತೊಡಗುತ್ತವೆ.

ಆದರೆ ನಮ್ಮ ಕಾಲಿನ ಮಾತುಗಳಲ್ಲಿ ಚೀನೀಯರಿಗೆ ಹೊಸದಾಗಿ ಕಾಣುವ ಒಂದು ಗುಣವಿದೆ. ಕಾಲಿಗೆ ಬೀಳು, ಕಾಲು ಹಿಡಿ, ಕಾಲು ಕೆರೆದು ಜಗಳಕ್ಕೆ ನಿಲ್ಲು, ಕಾಲ ಕಸ, ಕಾಲ್ಗುಣ: ಇವೆಲ್ಲ ಇಬ್ಬರು ಮನುಷ್ಯರ ನಡುವಿನ ಸಂಬಂಧದ ಮಾತುಗಳು. ಒಮ್ಮೆ ಬಂಗಾರಪೇಟೆ ಕಡೆಯ ಹುಡುಗನೊಬ್ಬನ ಕಾಲು ನೆಲದ ಮೇಲಿದ್ದ ಯಂತ್ರದ ಕೈಪಿಡಿಗೆ ತಾಕಿತು. ಅವನು ತಕ್ಷಣ ಬಾಗಿ, ಪುಸ್ತಕ ಮುಟ್ಟಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡು, ಕೆಲಸಕ್ಕೆ ಮರಳಿದ. ಪಕ್ಕದಲ್ಲಿದ್ದ ತೈವಾನಿನ ಎಂಜಿನಿಯರ್ ಅವನಿಗೆ ಏನಾದರೂ ಪೆಟ್ಟಾಯಿತೇ ಎಂದು ಕೇಳಿದರು. ‘ಅಣ್ಣ, ಪುಸ್ತಕ ಅಂದ್ರೆ ಸರಸ್ವತಿ ಅಂತ ಅವರಿಗೆ ಹೇಳಿ’ ಎಂದ ಹುಡುಗ. ನಾನು ಹೇಳಿದೆ. ಅವರು ಸ್ವಲ್ಪ ಯೋಚಿಸಿ, ನಮ್ಮಲ್ಲಿ ಪಾದವನ್ನು ಹಿಡಿಯುವುದು ಬುದ್ಧನದ್ದು ಮಾತ್ರ, ಅದೂ ತಡವಾಗಿ ಎಂದರು.

ಅವರು ನೆನೆದದ್ದು ‘ಲಿನ್ ಷಿ ಬಾವ್ ಫೋ ಜಿಯಾವ್’ ಎಂಬ ಮಾತನ್ನು. ಆಪತ್ತು ಬಂದಾಗ ಬುದ್ಧನ ಪಾದ ತಬ್ಬಿಕೊಳ್ಳುವುದು ಎಂದು ಅದರ ಅರ್ಥ. ಅದಕ್ಕೆ ಮೊದಲು ‘ದಿನವೂ ಊದುಬತ್ತಿ ಹಚ್ಚದವನು’ ಎಂದು ಸೇರಿಸಿ ಹೇಳುವುದೂ ಉಂಟು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ವಿದ್ಯಾರ್ಥಿಗೆ ಇದನ್ನು ಬಳಸದ ತಂದೆತಾಯಿ ಚೀನಾದಲ್ಲಿ ವಿರಳ. ‘ಸಂಕಟ ಬಂದಾಗ ವೆಂಕಟರಮಣ’ ಎನ್ನುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ಪಾದವನ್ನು ಹಿಡಿಯುವ ಈ ಮಾತು ಚೀನಾಕ್ಕೆ ಹೊಂದಿಕೊಂಡದ್ದು ಬೌದ್ಧಧರ್ಮದ ಜೊತೆಯಲ್ಲಿ, ಅಂದರೆ ನಮ್ಮ ಕಡೆಯಿಂದ. ಬುದ್ಧನ ಪಾದಕ್ಕೆ ತಲೆ ಮುಟ್ಟಿಸಿ ವಂದಿಸುವ ವರ್ಣನೆ ಚೀನೀ ಸೂತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ಮೊಣಕೈ, ಎರಡು ಮಂಡಿ, ತಲೆ ನೆಲಕ್ಕೆ ತಾಗುವ ನಮಸ್ಕಾರದಿಂದ ‘ಐದು ಅಂಗಗಳನ್ನು ನೆಲಕ್ಕೊಗೆದು ಮೆಚ್ಚುವುದು’ ಎಂಬ ನುಡಿ ಬಂದು ಇಂದು ದೇವರಿಲ್ಲದ ಕಡೆಯೂ ಬಳಕೆಯಲ್ಲಿದೆ.

ಎಲ್ಲಕ್ಕಿಂತ ಸುಂದರವಾದದ್ದು ಶರಣು ಹೋಗುವ ಮಂತ್ರದಲ್ಲಿದೆ. ಸಂಸ್ಕೃತದಲ್ಲಿ ಬುದ್ಧನಿಗೆ ‘ದ್ವಿಪದೋತ್ತಮ’ ಎಂಬ ಹೆಸರಿದೆ, ಎರಡು ಪಾದದವರಲ್ಲಿ ಶ್ರೇಷ್ಠ ಎಂದು. ಅನುವಾದಕರು ಅದನ್ನು ‘ಲ್ಯಾಂಗ್ ತ್ಸು ತ್ಸುನ್’ ಎಂದು ಚೀನೀಗೆ ತಂದರು. ಹಾಗೆ ತಂದೊಡನೆ ತ್ಸು ತನ್ನ ಎರಡನೆಯ ಅರ್ಥವನ್ನೂ ಜೊತೆಗೆ ಕರೆದುಕೊಂಡು ಬಂತು. ಚೀನೀ ವ್ಯಾಖ್ಯಾನಕಾರರು ಅದನ್ನು ‘ಪುಣ್ಯ ಮತ್ತು ಪ್ರಜ್ಞೆ ಎರಡರಲ್ಲೂ ಪರಿಪೂರ್ಣನಾದವನು’ ಎಂದೂ ಓದಿದರು. ಭಾರತದಿಂದ ಹೊರಟಾಗ ಆ ಪದದಲ್ಲಿ ಎರಡು ಪಾದಗಳಷ್ಟೇ ಇದ್ದವು. ಅಲ್ಲಿ ತಲುಪಿದಾಗ ಎರಡು ಪರಿಪೂರ್ಣತೆಗಳಾದವು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆಂದು ಕೆಲವರು ಆಕ್ಷೇಪಿಸಬಹುದು. ಮಾತು ದಾಟಿಸುವ ಕಸುಬಿನವನಾದ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಆ ಭಾಷೆಯ ಪಾದವೇ ಅಂಥದ್ದು.

ಗೌರವದ ಪಾದ ಇನ್ನೊಂದು ಬಗೆಯಲ್ಲೂ ನಮ್ಮನ್ನು ಅವರಿಗೆ ಹತ್ತಿರ ತರುತ್ತದೆ. ಮೇಲೆ ಹೇಳಿದ ತ್ಸು ಷಿಯಾ, ಪಾದದ ಕೆಳಗೆ, ಹಳೆಯ ಪತ್ರಗಳಲ್ಲಿ ಸಮಾನರನ್ನು ‘ತಾವು’ ಎಂದು ಸಂಬೋಧಿಸುವ ಗೌರವದ ಮಾತು. ನಮ್ಮ ಮಠಗಳ ಸ್ವಾಮಿಗಳನ್ನು ‘ಶ್ರೀಪಾದಂಗಳವರು’ ಎಂದು ಕರೆಯುವಾಗ ನಾವೂ ಮನುಷ್ಯನನ್ನು ಅವನ ಪಾದದಿಂದ ಗುರುತಿಸುತ್ತೇವೆ. ಮುಖ ನೋಡಿ ಹೆಸರು ಹೇಳುವ ಬದಲು ಕಣ್ಣನ್ನು ಪಾದಕ್ಕೆ ಇಳಿಸಿ ಮಾತನಾಡುವ ವಿನಯ ಎರಡೂ ಕಡೆ ಇದೆ.

ಅಣ್ಣತಮ್ಮಂದಿರಿಗೆ ಚೀನೀಯರು ‘ಷೋ ತ್ಸು’, ಕೈ ಮತ್ತು ಪಾದ, ಎನ್ನುತ್ತಾರೆ. ಒಂದೇ ದೇಹದ ಅಂಗಗಳು ಎಂಬ ಭಾವ ಮನಸ್ಸಿಗೆ ತಟ್ಟುವಂಥದ್ದು. ‘ಮೂರು ರಾಜ್ಯಗಳ ಕಥೆ’ ಎಂಬ ಮಹಾಕಾದಂಬರಿಯ 15ನೆಯ ಅಧ್ಯಾಯದಲ್ಲಿ, ಊರನ್ನೂ ಅಣ್ಣನ ಸಂಸಾರವನ್ನೂ ಶತ್ರುವಿನ ಕೈಗೆ ಬಿಟ್ಟುಬಂದು ಪ್ರಾಣ ಕಳೆದುಕೊಳ್ಳಲು ಹೊರಟ ಝಾಂಗ್ ಫೆಯ್‌ನನ್ನು ತಡೆಯುತ್ತ ಅವನ ಆಣೆಯ ಅಣ್ಣ ಲಿಯು ಬೇ ಇದನ್ನೇ ಹೇಳುತ್ತಾನೆ: ಸೋದರರು ಕೈಕಾಲಿದ್ದಂತೆ, ಹೆಂಡತಿ ಮಕ್ಕಳು ಉಡುಪಿದ್ದಂತೆ, ಹರಿದ ಉಡುಪನ್ನು ಹೊಲಿಯಬಹುದು, ಕಡಿದ ಕೈಕಾಲನ್ನು ಕೂಡಿಸಲಾಗದು. ಮೊದಲ ಅರ್ಧ ನನಗೆ ಎಷ್ಟು ಪ್ರಿಯವೋ ಎರಡನೆಯ ಅರ್ಧ ಅಷ್ಟೇ ಅಸಹ್ಯ. ಸೋದರನ ಕಾಲಿಗೆ ಅಷ್ಟು ಬೆಲೆ ಕೊಟ್ಟ ಅದೇ ಸಮಾಜ ಹೆಣ್ಣುಮಕ್ಕಳ ಕಾಲನ್ನು ಏನು ಮಾಡಿತು ಎಂಬುದನ್ನು ಬಿಟ್ಟು ಈ ವಿಷಯವನ್ನು ಬರೆಯಲಾಗದು.

ಸುಮಾರು ಸಾವಿರ ವರ್ಷಗಳ ಹಿಂದೆ ತೊಡಗಿದ ಪಾದಬಂಧನದಲ್ಲಿ ಐದಾರು ವರ್ಷದ ಹೆಣ್ಣುಮಗುವಿನ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ಅಂಗಾಲಿನಡಿಗೆ ಮಡಚಿ, ಉದ್ದನೆಯ ಬಟ್ಟೆಯಿಂದ ಬಿಗಿದು ಕಟ್ಟಿ, ಮೂಳೆ ಮುರಿದು ಪಾದ ಬೆಳೆಯದಂತೆ ಮಾಡುತ್ತಿದ್ದರು. ಅದಕ್ಕೆ ಇಟ್ಟ ಹೆಸರು ‘ಮೂರಂಗುಲದ ಬಂಗಾರದ ತಾವರೆ’. ಹಾಕ್ಕಾ ಸಮುದಾಯದ ಹೆಂಗಸರು, ಮಂಚು ಹೆಂಗಸರು ಕಟ್ಟಿಕೊಳ್ಳುತ್ತಿರಲಿಲ್ಲ. ಮಿಂಗ್ ವಂಶದ ಮೊದಲ ಚಕ್ರವರ್ತಿಯ ರಾಣಿ ಮಾ ಬಡತನದಲ್ಲಿ ಬೆಳೆದದ್ದರಿಂದ ಅವಳ ಪಾದಗಳನ್ನು ಕಟ್ಟಿರಲಿಲ್ಲವೆಂದೂ, ಒಮ್ಮೆ ಗಾಳಿಗೆ ಪಲ್ಲಕ್ಕಿಯ ಪರದೆ ಹಾರಿ ಅವು ಜನರಿಗೆ ಕಂಡವೆಂದೂ ಒಂದು ಜನಪದ ಕಥೆಯಿದೆ. ಮಾ ಎಂದರೆ ಕುದುರೆ ಕೂಡ ಹೌದಾದ್ದರಿಂದ, ಗುಟ್ಟು ಬಯಲಾಯಿತು ಎನ್ನಲು ಬಳಸುವ ‘ಕುದುರೆಯ ಕಾಲು ಕಾಣಿಸಿತು’ ಎಂಬ ಮಾತಿಗೆ ಜನ ಈ ಕಥೆಯನ್ನು ಜೋಡಿಸುತ್ತಾರೆ. ನೆಟ್ಟಗಿರುವ ಪಾದವೇ ಮುಚ್ಚಿಡಬೇಕಾದ ಗುಟ್ಟಾಗಿದ್ದ ಕಾಲ ಅದು. 1912ರಲ್ಲಿ ಹೊಸ ಗಣರಾಜ್ಯದ ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿತು. ಕಟ್ಟು ಬಿಚ್ಚಿದರೂ ಮೊದಲಿನಂತಾಗದ ಪಾದಗಳನ್ನು ‘ಜಿಯೆ ಫಾಂಗ್ ಜಿಯಾವ್’, ಬಿಡುಗಡೆಯ ಪಾದ ಎಂದು ಕರೆದರು.

ಬಟ್ಟೆ ಬಿಚ್ಚಿದ ಮೇಲೂ ಆ ಬಟ್ಟೆ ಭಾಷೆಯಲ್ಲಿ ಉಳಿಯಿತು. ಮೊದಲ ಭಾಗವನ್ನು ಹೇಳಿ ಎರಡನೆಯದನ್ನು ಕೇಳುವವರ ಊಹೆಗೆ ಬಿಡುವ ‘ಷಿಯೆ ಹೋ ಯು’ ಎಂಬ ಬಗೆಯ ಮಾತುಗಳಲ್ಲಿ ‘ಸೋಮಾರಿ ಹೆಂಗಸಿನ ಪಾದ ಸುತ್ತುವ ಬಟ್ಟೆ’ ಎಂಬುದೊಂದು. ಉದ್ದವೂ ಹೌದು, ನಾತವೂ ಹೌದು ಎಂಬುದು ಅದರ ಉತ್ತರಾರ್ಧ. ಮುಗಿಯದ ಭಾಷಣಕ್ಕೆ, ನೀರಸ ಬರಹಕ್ಕೆ ಅದನ್ನು ಬಳಸುತ್ತಾರೆ. 1942ರಲ್ಲಿ ಪಕ್ಷದ ಬರಹಗಾರರನ್ನು ಟೀಕಿಸುವಾಗ ಮಾವೋ ಕೂಡ ಬಳಸಿದ. ವರದಿ ಉದ್ದವಾದಾಗ ನಮ್ಮ ಸಭೆಗಳಲ್ಲೂ ಇದು ಕೇಳಿಬರುವುದುಂಟು. ಅಂಥ ಹೊತ್ತಿನಲ್ಲಿ ನಾನು ಅದನ್ನು ಕನ್ನಡಕ್ಕೆ ಹಾಗೆಯೇ ತರುವುದಿಲ್ಲ. ‘ಹನುಮಂತನ ಬಾಲ’ ಎನ್ನುತ್ತೇನೆ, ಆ ಮಾತನ್ನು ಅವರಿಗೂ ಹೇಳಿಕೊಟ್ಟಿದ್ದೇನೆ. ಮಂಗರಾಜ ಸುನ್ ವುಕೊಂಗ್‌ನ ಸಾಹಸಗಳನ್ನು ಕೇಳುತ್ತ ಬೆಳೆದ ಅವರಿಗೆ ಹನುಮಂತನ ಪರಿಚಯ ಮಾಡಿಸುವುದು ಕಷ್ಟವಾಗಲಿಲ್ಲ. ಈಗ ವರದಿ ಉದ್ದವಾದರೆ ನಮ್ಮ ಹುಡುಗರಿಗಿಂತ ಮೊದಲು ಅವರೇ ‘ಬಾಲ, ಬಾಲ’ ಎನ್ನುತ್ತಾರೆ.